ನಾವು ನೋಡುವ ಪೆಟ್ಟಿಗೆ, ನಮ್ಮನ್ನು ನೋಡುವ ಪೆಟ್ಟಿಗೆ



ಸಂಘದ ಕಾರ್ಯಕ್ರಮದಲ್ಲಿ ಮೈಕು ಕೈಕೊಟ್ಟಾಗ, ಪ್ರೊಜೆಕ್ಟರಿನಲ್ಲಿ ಚಿತ್ರ ತಲೆಕೆಳಗಾದಾಗ "ಕಾಕಾನ್ನ ಕರೀರಿ" ಎಂದು ನೀವು ಕೂಗುತ್ತೀರಲ್ಲ, ಆ ಕಾಕಾನೇ ಈ ಬರಹದ ಕರ್ತೃ. (ಕಾಕಾ ಎಂಬ ಶಬ್ದ ನನ್ನ ರಾಯಚೂರು ಕಡೆಯಲ್ಲೂ ನಿಮ್ಮ ಗುಜರಾತಿಯಲ್ಲೂ ಒಂದೇ. ಹಾಗಾಗಿ ಈ ರಾಜ್ಯದಲ್ಲಿ ಮುದುಕನಾಗುವಾಗ ನಾನು ಹೊಸ ಬಿರುದು ಹುಡುಕಬೇಕಾಗಲಿಲ್ಲ.) ವಡೋದರಾದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಅಳತೆಯ ಉಪಕರಣಗಳನ್ನು ರಿಪೇರಿ ಮಾಡಿಕೊಂಡಿದ್ದವನು. ನಿವೃತ್ತಿಯಾದ ಮೇಲೆ ಸೂರತ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಹೊಸ ಯಂತ್ರ ಕಂಡರೆ ಹಿಂದಿನ ಮುಚ್ಚಳ ತೆಗೆದು ನೋಡದೆ ನಿದ್ದೆ ಬಾರದ ಜಾತಿ ನನ್ನದು.

ಹೋದ ವರ್ಷದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಮ್ಮಲ್ಲೇ ಒಬ್ಬ ಹುಡುಗ ನನ್ನನ್ನು ಹಿಡಿದು ಕೇಳಿದ: "ಕಾಕಾ, ಇಷ್ಟೆಲ್ಲ ಗ್ಯಾಜೆಟ್ ಹುಚ್ಚು ನಿಮಗೆ. ಆದರೆ ಅಂಗಡಿಯವರು ಫೋನ್ ನಂಬರ್ ಕೇಳಿದರೆ ಕೊಡೋದಿಲ್ಲ, ಆಧಾರ್ ಜೆರಾಕ್ಸ್ ಕೇಳಿದರೆ ಜಗಳ ತೆಗೀತೀರಿ. ಮುಚ್ಚಿಡೋ ಅಂಥದ್ದು ನಿಮ್ಮ ಹತ್ರ ಏನಿದೆ?" ಕೈಯಲ್ಲಿ ಹೋಳಿಗೆ ಇತ್ತು, ಬಾಯಲ್ಲಿಯೂ ಇತ್ತು. ಅಲ್ಲಿ ಉತ್ತರ ಹೇಳಲಾಗಲಿಲ್ಲ. ಸಂಪಾದಕರು ಪುಟ ಕೊಟ್ಟಿದ್ದಾರೆ, ಇಲ್ಲಿ ಹೇಳುತ್ತೇನೆ. ಕನ್ನಡ ಓದಲು ತೊಡಕಾದವರು ಅಮ್ಮನಿಂದ ಓದಿಸಿಕೊಳ್ಳಿ. ಕೆಲವು ಮಾತು ಅಮ್ಮನಿಗೂ ಅಪ್ಪನಿಗೂ ಸೇರಿದ್ದು.

ಮೊದಲು ನನ್ನ ಹುಚ್ಚು ಶುರುವಾದ ಬಗೆ ಹೇಳಬೇಕು, ಏಕೆಂದರೆ ಅದು ಕೂಡ ಅಹಮದಾಬಾದಿನ ಕಥೆಯೇ. 1975ರ ಆಗಸ್ಟ್ 1ರಂದು 'ಸೈಟ್' ಎಂಬ ಪ್ರಯೋಗ ಶುರುವಾಯಿತು. ಅಮೆರಿಕದ ನಾಸಾ ತನ್ನ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮಗೆ ಎರವಲು ಕೊಟ್ಟಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಆಕಾಶದಿಂದ ಟೆಲಿವಿಷನ್ ಬಂತು. ಬೆಂಗಳೂರಿನಂಥ ಬೆಂಗಳೂರಿಗೇ ಟಿ.ವಿ. ಇಲ್ಲದ ಕಾಲ ಅದು! ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ವಿಜಾಪುರ, ಗುಲಬರ್ಗಾ ಮತ್ತು ನಮ್ಮ ರಾಯಚೂರು. ಶಾಲೆಯ ಹತ್ತಿರ ಕೋಳಿಗೂಡಿನ ಜಾಲರಿಯಿಂದ ಮಾಡಿದ ಹತ್ತು ಅಡಿ ಅಗಲದ ಬೋಗುಣಿ ಆಂಟೆನಾ, ಕೆಳಗೊಂದು ಕಪ್ಪು-ಬಿಳುಪು ಟಿ.ವಿ. ಬೆಳಿಗ್ಗೆ ಒಂದೂವರೆ ತಾಸು ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಆಗ ನನಗೆ ಹತ್ತೊಂಬತ್ತು ವರ್ಷ. ಊರಿಗೆ ಊರೇ ನೆಲದ ಮೇಲೆ ಕೂತು ಚಿತ್ರ ನೋಡುತ್ತಿತ್ತು. ನಾನು ಪೆಟ್ಟಿಗೆಯ ಹಿಂದೆ ನಿಂತು ತಂತಿ ನೋಡುತ್ತಿದ್ದೆ. ಆ ಕನ್ನಡದ ದನಿ ಮೇಲೇರಿದ್ದು ಅಹಮದಾಬಾದಿನ ಭೂಕೇಂದ್ರದಿಂದ. ಅಲ್ಲಿಂದ ಮೂವತ್ತಾರು ಸಾವಿರ ಕಿಲೋಮೀಟರ್ ಹತ್ತಿ, ಅಷ್ಟೇ ದೂರ ಇಳಿದು ನಮ್ಮ ಹಳ್ಳಿಗೆ ಬರುತ್ತಿತ್ತು. ಅಹಮದಾಬಾದ್ ಎಂಬ ಹೆಸರು ನನ್ನ ತಲೆಗೆ ಹೊಕ್ಕದ್ದು ಹಾಗೆ. 1979ರಲ್ಲಿ ಕೆಲಸ ಹುಡುಕುತ್ತ ಹೊರಟಾಗ ಎಲ್ಲರೂ ಮುಂಬಯಿಯಲ್ಲಿ ಇಳಿದರು. ನಾನು ರೈಲು ಬದಲಿಸಿ ಮುಂದಕ್ಕೆ ಬಂದೆ.

ನಮ್ಮವರ ಪೈಕಿ ಈ ಊರಿಗೆ ಮೊದಲೇ ಬಂದಿದ್ದ ದೊಡ್ಡವರೂ ಇದ್ದರು. ಉಡುಪಿಯ ಹತ್ತಿರದ ಅದಮಾರಿನ ಯು.ಆರ್. ರಾವ್ ವಿಕ್ರಮ್ ಸಾರಾಭಾಯಿಯವರ ಕೈಕೆಳಗೆ ಇಲ್ಲಿನ ಪಿ.ಆರ್.ಎಲ್.ನಲ್ಲಿ ವಿಶ್ವಕಿರಣಗಳ ಸಂಶೋಧನೆ ಮಾಡಿದವರು. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟದ ನೇತೃತ್ವ ಅವರದ್ದೇ. ನವರಂಗಪುರದ ಕಡೆ ಹೋದಾಗ ಆ ಸಂಸ್ಥೆಯ ಗೇಟಿನ ಮುಂದೆ ಒಮ್ಮೆ ಗಾಡಿ ನಿಧಾನ ಮಾಡಿ.

ಇರಲಿ, ಸೈಟ್‌ಗೆ ಬರೋಣ. ನಾನು ಹೇಳಬೇಕೆಂದಿರುವುದು ಆ ಪೆಟ್ಟಿಗೆಯ ಒಂದು ಗುಣವನ್ನು. ಅದಕ್ಕೆ ನಾವು ಯಾರೆಂದು ಗೊತ್ತಿರಲಿಲ್ಲ. ಗೌಡರು ನೋಡಿದರೋ, ನಮ್ಮ ಅವ್ವ ಬೀಜೋಪಚಾರದ ಪಾಠಕ್ಕೆ ಆಕಳಿಸಿದಳೋ, ಹುಡುಗರು ಅರ್ಧಕ್ಕೇ ಎದ್ದು ಹೋದರೋ, ಉಪಗ್ರಹಕ್ಕೂ ತಿಳಿಯದು, ಅಹಮದಾಬಾದಿಗೂ ತಿಳಿಯದು. ತಿಳಿಯಬೇಕು ಎನಿಸಿದಾಗ ಏನು ಮಾಡಿದರು ಗೊತ್ತೆ? ಸಂಶೋಧಕರನ್ನು ಹಳ್ಳಿಗಳಿಗೆ ಕಳಿಸಿದರು. ಅವರು ತಿಂಗಳುಗಟ್ಟಲೆ ಹಳ್ಳಿಯಲ್ಲೇ ನೆಲೆಸಿ, ಜನರನ್ನು ಕೇಳಿ, ಬರೆದುಕೊಂಡರು. ಎದುರಿಗೆ ಕೂತು ಪ್ರಶ್ನೆ ಕೇಳುವ ಮನುಷ್ಯನಿಗೆ "ಹೇಳೋದಿಲ್ಲ ಹೋಗಪ್ಪಾ" ಎನ್ನಬಹುದಿತ್ತು. ಕೆಲವರು ಎಂದರು ಕೂಡ.

ಇಂದಿನ ಟಿ.ವಿ.ಗೆ ಹಾಗೆ ಹೇಳಲು ಬರುವುದಿಲ್ಲ, ಏಕೆಂದರೆ ಅದು ಕೇಳುವುದೇ ಇಲ್ಲ. 2017ರಲ್ಲಿ ಅಮೆರಿಕದಲ್ಲಿ ವಿಜಿಯೊ ಎಂಬ ಟಿ.ವಿ. ಕಂಪನಿ 22 ಲಕ್ಷ ಡಾಲರ್ ತೆರಬೇಕಾಯಿತು. ಗ್ರಾಹಕರಿಗೆ ಸರಿಯಾಗಿ ತಿಳಿಸದೆ, ಒಂದು ಕೋಟಿಗೂ ಹೆಚ್ಚು ಸೆಟ್ಟುಗಳಿಂದ ಯಾರು ಏನು ನೋಡುತ್ತಿದ್ದಾರೆ ಎಂಬುದನ್ನು ಸಂಗ್ರಹಿಸಿ ಮಾರಿದ್ದಕ್ಕೆ. ಪರದೆಯ ಮೇಲಿನ ಚಿತ್ರದ ಚುಕ್ಕೆಗಳನ್ನೇ ಹೋಲಿಸಿ ನೋಡಿ, ಇದು ಇಂಥ ಸಿನಿಮಾ ಎಂದು ಗುರುತಿಸುವ ವಿದ್ಯೆ ಅದು. ಇಂಜಿನಿಯರ ಲೆಕ್ಕದಲ್ಲಿ ಬಹಳ ಚಂದದ ವಿದ್ಯೆ, ಚಪ್ಪಾಳೆ ತಟ್ಟಬೇಕು. ಆದರೆ ಅದು ನನ್ನ ಮನೆಯ ಹಾಲಿನಲ್ಲಿ, ನನ್ನ ದುಡ್ಡಿನ ಪೆಟ್ಟಿಗೆಯಲ್ಲಿ, ನನಗೆ ಹೇಳದೆ ನಡೆಯಬೇಕೆ? ನಿಮ್ಮ ಮನೆಯ ಟಿ.ವಿ.ಯ ಸೆಟ್ಟಿಂಗಿನೊಳಗೆ ಹೋಗಿ 'ಪ್ರೈವಸಿ' ಎಂಬ ಪುಟವನ್ನು ಇವತ್ತು ರಾತ್ರಿ ಒಮ್ಮೆ ತೆರೆದು ನೋಡಿ.

ಜಿ.ಪಿ.ಎಸ್. ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ. "ಸ್ಯಾಟಲೈಟ್ ನಮ್ಮನ್ನು ನೋಡ್ತಾ ಇರ್ತದೆ" ಎಂದು ಹಿರಿಯರು ಹೇಳುತ್ತಾರೆ, ಇಂಜಿನಿಯರಿಂಗ್ ಓದುವ ನೀವೂ ಕೆಲವರು ಹೇಳುತ್ತೀರಿ. ಪಾಪ, ಆ ಉಪಗ್ರಹ ನಿರಪರಾಧಿ. ಅದು ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿನಿಂದ "ಈಗ ಸಮಯ ಇಷ್ಟು, ನಾನು ಇಲ್ಲಿದ್ದೇನೆ" ಎಂದು ಸಾರುತ್ತಿರುತ್ತದೆ, ಅಷ್ಟೇ. ಧಾರವಾಡ ಆಕಾಶವಾಣಿ ಹೇಗೆ ತನ್ನ ಪಾಡಿಗೆ ವಾರ್ತೆ ಓದುತ್ತದೋ ಹಾಗೆ. ನಿಮ್ಮ ಕೈಯ ಫೋನು ಅಂಥ ನಾಲ್ಕು ಉಪಗ್ರಹಗಳ ದನಿ ಕೇಳಿ, ಯಾವುದು ಎಷ್ಟು ತಡವಾಗಿ ಬಂತೆಂದು ಲೆಕ್ಕ ಹಾಕಿ, ತಾನು ಎಲ್ಲಿದ್ದೇನೆಂದು ತಾನೇ ತಿಳಿದುಕೊಳ್ಳುತ್ತದೆ. ಅಲ್ಲಿಯವರೆಗೂ ಗುಟ್ಟು ನಿಮ್ಮ ಜೇಬಿನಲ್ಲೇ ಇದೆ. ಆಮೇಲೆ ಆ ಲೆಕ್ಕವನ್ನು ಇಂಟರ್ನೆಟ್ಟಿನ ಮೂಲಕ ಯಾರ್ಯಾರಿಗೋ ಒಪ್ಪಿಸುವುದು ಫೋನಿನೊಳಗಿನ ಆಪ್‌ಗಳು. ಬೈಯುವುದಾದರೆ ವಿಳಾಸ ಸರಿಯಾಗಿರಲಿ. ನಮ್ಮ ದೇಶದ ನಾವಿಕ್ ಉಪಗ್ರಹಗಳ ಉಪಕರಣಗಳಿಗೆ ಅಹಮದಾಬಾದಿನ ಸ್ಯಾಕ್‌ನವರು ದುಡಿದಿದ್ದಾರೆ. ಅವರ ಮೇಲೆ ಗೂಢಚಾರಿಕೆಯ ಆರೋಪ ಬಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಹಿಂದೆ ಎಲ್ಲ ಗುಟ್ಟಾಗಿತ್ತು, ಈಗ ಕೆಟ್ಟಿತು ಎಂದು ನಾನು ಹೇಳುತ್ತಿಲ್ಲ. ಮದುವೆಗೆ ಮುಂಚೆ ಎರಡು ವರ್ಷ ಅಹಮದಾಬಾದಿನ ಒಂದು ಪೋಳದಲ್ಲಿ ಬಾಡಿಗೆಗಿದ್ದೆ. ಎದುರು ಮನೆಯ ಬಾ ಕೈ ಚಾಚಿದರೆ ನನ್ನ ಕಿಟಕಿಗೆ ತಾಗುವಷ್ಟು ಕಿರಿದು ಓಣಿ. ನಾನು ಎಷ್ಟೊತ್ತಿಗೆ ದೀಪ ಆರಿಸಿದೆ, ಯಾರ ಕಾಗದ ಬಂತು, ಈರುಳ್ಳಿ ಹೆಚ್ಚಿದೆನೋ ಇಲ್ಲವೋ, ಎಲ್ಲ ಪೋಳಕ್ಕೆ ಗೊತ್ತು. ಪೋಸ್ಟ್ ಕಾರ್ಡನ್ನಂತೂ ಅಂಚೆಯವನು ಮೊದಲು ಓದುತ್ತಿದ್ದ. ಆದರೆ ಪೋಳಕ್ಕೆ ಒಂದು ದೊಡ್ಡ ಗುಣವಿತ್ತು, ಮರೆವು. ಹೋದ ತಿಂಗಳ ಸುದ್ದಿ ಈ ತಿಂಗಳಿಗೆ ಹಳಸುತ್ತಿತ್ತು. ಜೊತೆಗೆ, ಬಾ ನನ್ನನ್ನು ನೋಡುತ್ತಿದ್ದರೆ ನಾನೂ ಬಾ ಅವರನ್ನು ನೋಡುತ್ತಿದ್ದೆ. ಜ್ವರ ಬಂದ ದಿನ ಖಿಚಡಿ ಕಳಿಸಿದ್ದೂ ಅವರೇ. ಇಂದು ನನ್ನನ್ನು ನೋಡುವವನನ್ನು ನಾನು ಕಾಣೆ, ಮತ್ತು ಅವನಿಗೆ ಮರೆವಿಲ್ಲ.

ಇನ್ನೊಂದು ರಕ್ಷೆ ನಮಗೆ ಪುಕ್ಕಟೆಯಾಗಿ ಸಿಕ್ಕಿತ್ತು. ಅದು ಕನ್ನಡ. ವಡೋದರಾದ ಎಸ್.ಟಿ.ಡಿ. ಬೂತಿನಲ್ಲಿ ರಾತ್ರಿ ಹನ್ನೊಂದರ ಮೇಲೆ ಕಾಲು ದರ; ಹೊರಗೆ ಹತ್ತು ಜನರ ಸಾಲು, ಗಾಜಿನ ಬಾಗಿಲು ಸರಿಯಾಗಿ ಮುಚ್ಚದು. ಅಲ್ಲಿ ನಿಂತು ನಾವು ತಂಗಿಯ ಮದುವೆಯ ಸಾಲ, ಅಣ್ಣನ ಜೊತೆಗಿನ ಹೊಲದ ವ್ಯಾಜ್ಯ, ಹೆಂಡತಿಯ ಬಸಿರು, ಎಲ್ಲವನ್ನೂ ಕಿರುಚಿ ಹೇಳುತ್ತಿದ್ದೆವು. ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಸೈನ್ಯದವರಿಗೂ ಇಲ್ಲದ ಗುಪ್ತಲಿಪಿ ನಮ್ಮಲ್ಲಿತ್ತು! ಅಪರೂಪಕ್ಕೆ ಅದೂ ಮುರಿಯುತ್ತಿತ್ತು ಅನ್ನಿ. ಗುಜರಾತ್ ಕ್ವೀನ್ ರೈಲಿನಲ್ಲಿ ಒಮ್ಮೆ ನಾನೂ ಗೆಳೆಯನೂ ಮ್ಯಾನೇಜರರ ಜಿಪುಣತನವನ್ನು ಆನಂದ್‌ನಿಂದ ಮಣಿನಗರದವರೆಗೆ ವರ್ಣಿಸಿದೆವು. ಎದುರಿಗಿದ್ದ ಶೇಠರು ಇಳಿಯುವಾಗ, "ಹುಬ್ಬಳ್ಳ್ಯಾಗ ಹನ್ನೆರಡು ವರ್ಷ ಅರಿವಿ ಅಂಗಡಿ ಇಟ್ಟಿದ್ದೆನ್ರಿ. ಭಾಳ ದಿವಸಕ್ಕ ಇಂಥಾ ಕನ್ನಡ ಕೇಳ್ದೆ" ಎಂದು ಕೈ ಮುಗಿದು ಹೋದರು.

ಆ ಗುಪ್ತಲಿಪಿಯ ಕಾಲ ಮುಗಿಯಿತೆಂದು ನಾನು ಲೆಕ್ಕ ಹಿಡಿದಿರುವುದು 2017ರ ಆಗಸ್ಟಿನಿಂದ. ಆ ತಿಂಗಳು ಗೂಗಲ್‌ನವರು ಬಾಯಲ್ಲಿ ಹೇಳಿದ್ದನ್ನು ಅಕ್ಷರಕ್ಕಿಳಿಸುವ ಸೌಲಭ್ಯವನ್ನು ಕನ್ನಡ, ಗುಜರಾತಿ ಸೇರಿ ನಮ್ಮ ದೇಶದ ಇನ್ನೂ ಎಂಟು ಭಾಷೆಗಳಿಗೆ ವಿಸ್ತರಿಸಿದರು. ನಾನು ಸಂಭ್ರಮಪಟ್ಟವನೇ. ಕಣ್ಣು ಮಂಜಾದ ನನ್ನ ಅಕ್ಕ ಸಿಂಧನೂರಿನಲ್ಲಿ ಕೂತು ಮೊದಲ ಬಾರಿ ನನಗೆ ಸಂದೇಶ 'ಬರೆದದ್ದು' ಅದರಿಂದಲೇ. ಆದರೆ ಯಂತ್ರಕ್ಕೆ ಕನ್ನಡ ಬಂದ ಮೇಲೆ ಬೂತಿನ ಬಾಗಿಲು ತೆರೆದಂತೆಯೇ ಸರಿ.

ವಿಚಿತ್ರವೆಂದರೆ, ಅದೇ ತಿಂಗಳು 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಆ ಮೊಕದ್ದಮೆಗೆ ಯಾರ ಹೆಸರಿದೆ, ಬಲ್ಲಿರಾ? ನಮ್ಮ ಕೆ.ಎಸ್. ಪುಟ್ಟಸ್ವಾಮಿಯವರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಸಂಸತ್ತು ಕಾಯ್ದೆಯನ್ನೇ ಮಾಡದೆ ಜನರ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಳ್ಳುವುದು ಹೇಗೆ ಸರಿ ಎಂಬುದು ಅವರ ಪ್ರಶ್ನೆ. ಸಂವಿಧಾನದಲ್ಲಿ ಖಾಸಗಿತನವೆಂಬ ಮೂಲಭೂತ ಹಕ್ಕೇ ಇಲ್ಲವೆಂದು ಸರಕಾರ ವಾದಿಸಿತು. ಅದಕ್ಕಾಗಿ 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಹೊರತೆಗೆಯಿತು. ಆ ವಾದದ ಇತ್ಯರ್ಥಕ್ಕೆಂದೇ ಒಂಬತ್ತು ಮಂದಿಯ ಪೀಠ ಕೂರಬೇಕಾಯಿತು. ಮುಂದೆ 2018ರ ಸೆಪ್ಟೆಂಬರಿನಲ್ಲಿ ಆಧಾರ್ ಉಳಿಯಿತು. ಆದರೆ ಬ್ಯಾಂಕು, ಮೊಬೈಲು ಕಂಪನಿಗಳು ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಾಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಧಾರ್ ಕಟ್ಟಿದ ಪ್ರಾಧಿಕಾರದ ಮೊದಲ ಅಧ್ಯಕ್ಷರು ಬೆಂಗಳೂರಿನ ನಂದನ್ ನಿಲೇಕಣಿ. ಕಟ್ಟಿದವರೂ ನಮ್ಮ ಕಡೆಯವರು, ಪ್ರಶ್ನಿಸಿದವರೂ ನಮ್ಮ ಕಡೆಯವರು. ಇಬ್ಬರ ಮೇಲೂ ನನಗೆ ಗೌರವವಿದೆ. ಆಧಾರ್ ಬಂದ ಮೇಲೆ ಊರಿನಲ್ಲಿ ನನ್ನ ಅಕ್ಕನ ಪೆನ್ಷನ್ ಮಧ್ಯದವರ ಕೈಗೆ ಹೋಗದೆ ನೇರ ಖಾತೆಗೆ ಬರುತ್ತಿದೆ. ಮುದುಕರು ಹೊಸದಕ್ಕೆ ಹೆದರಿ ಕೋರ್ಟಿಗೆ ಹೋಗುತ್ತಾರೆ ಎಂದು ನಿಮ್ಮಲ್ಲಿ ಯಾರಾದರೂ ಅಂದುಕೊಂಡಿದ್ದರೆ, ಆ ತೀರ್ಪಿನ ಲಾಭ ಹೆಚ್ಚು ಕಾಲ ಉಣ್ಣುವವರು ಯಾರೆಂದು ಎಣಿಸಿ ನೋಡಿ.

ಈಗ ಹುಡುಗನ ಪ್ರಶ್ನೆ: ಮುಚ್ಚಿಡುವಂಥದ್ದು ಏನಿದೆ? ಏನೂ ಇಲ್ಲ ಮಾರಾಯ. ಸೂರತ್ ಸ್ಟೇಷನ್ನಿನ ಹೊರಗೆ ಐದು ವರ್ಷದ ಕೆಳಗೆ ಹತ್ತು ರೂಪಾಯಿಯ ಸಿಂಗ್, ಅಂದರೆ ಹುರಿದ ಶೇಂಗಾ, ಕೊಂಡೆ. ತಿಂದಾದ ಮೇಲೆ ಪೊಟ್ಟಣ ಬಿಚ್ಚಿದರೆ ಅದು ಯಾರದೋ ಅರ್ಜಿ. ಫೋಟೊ, ಸಹಿ, ಹುಟ್ಟಿದ ತಾರೀಕು, ಆಧಾರ್ ಸಂಖ್ಯೆ ಎಲ್ಲ ಇತ್ತು. ಒಬ್ಬ ಹೆಣ್ಣುಮಗಳದು. ಆಕೆಗೂ ಮುಚ್ಚಿಡುವಂಥದ್ದು ಏನೂ ಇದ್ದಿರಲಿಕ್ಕಿಲ್ಲ. ಆದರೆ ಶೇಂಗಾ ಕಟ್ಟಲಿಕ್ಕೆಂದು ಆಕೆ ಅದನ್ನು ಕೊಟ್ಟಿರಲಿಲ್ಲವಲ್ಲ! ಯಾವ ಕೆಲಸಕ್ಕೆ ಕೊಟ್ಟೆನೋ ಆ ಕೆಲಸಕ್ಕೇ ಇರಲಿ, ಯಾರಿಗೆ ಕೊಟ್ಟೆನೋ ಅವರ ಬಳಿಯೇ ಇರಲಿ. ನನ್ನ ಜಗಳವೆಲ್ಲ ಇಷ್ಟಕ್ಕೇ. ಅಂದಿನಿಂದ ನಾನು ಕೊಡುವುದು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್. ಪುಕ್ಕಟೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಜೆರಾಕ್ಸಿನ ಮೇಲೆ ಅಡ್ಡಲಾಗಿ "ಇಂಥ ಕೆಲಸಕ್ಕೆ ಮಾತ್ರ" ಎಂದು ಬರೆದು ತಾರೀಕು ಹಾಕುತ್ತೇನೆ. ಕೌಂಟರಿನವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

2023ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯ ತಿರುಳೂ ಬಹುಮಟ್ಟಿಗೆ ಇದೇ: ಇಂಥ ಉದ್ದೇಶಕ್ಕೆ ಎಂದು ಹೇಳಿ, ಒಪ್ಪಿಗೆ ಪಡೆದು ತೆಗೆದುಕೊಳ್ಳಬೇಕು. ಸರಕಾರ ತನಗೆ ತಾನು ಧಾರಾಳವಾಗಿ ವಿನಾಯಿತಿ ಕೊಟ್ಟುಕೊಂಡಿದೆ ಎಂಬುದು ನನ್ನ ತಕರಾರು. ಇನ್ನೊಂದು ವಿನಾಯಿತಿಯೂ ಇದೆ, ಅದು ನ್ಯಾಯವಾದದ್ದು: ಮನೆಯೊಳಗಿನ, ಸ್ವಂತ ಬಳಕೆಯ ವ್ಯವಹಾರಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಅಪ್ಪ-ಅಮ್ಮ, ಮಗ-ಮಗಳ ನಡುವಿನದನ್ನು ನಾವೇ ತೀರ್ಮಾನಿಸಿಕೊಳ್ಳಬೇಕು. ಅಲ್ಲಿಯೇ ಗಲಾಟೆ ಹೆಚ್ಚು.

ನಮ್ಮ ಬಳಗದ ಒಬ್ಬ ಹುಡುಗಿ ವಡೋದರಾದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ತಂದೆ ಸೂರತ್‌ನಲ್ಲಿ. ಮಗಳ ಫೋನು ಎಲ್ಲಿದೆ ಎಂಬುದು ಅವರ ಫೋನಿನಲ್ಲಿ ಹಗಲೂ ರಾತ್ರಿ ಒಂದು ಚುಕ್ಕೆಯಾಗಿ ಕಾಣುತ್ತಿತ್ತು. ಚುಕ್ಕೆ ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಹೆಚ್ಚು ನಿಂತರೆ ಫೋನ್ ಬರುತ್ತಿತ್ತು. ನವರಾತ್ರಿ ಬಂತು. ವಡೋದರಾದ ಗರಬಾ ಬಿಟ್ಟು ಕೋಣೆಯಲ್ಲಿ ಕೂರುವ ವಯಸ್ಸೇ ಅದು? ಹುಡುಗಿ ಫೋನನ್ನು ದಿಂಬಿನ ಕೆಳಗಿಟ್ಟು ಹೋದಳು. ಚುಕ್ಕೆ ಹಾಸ್ಟೆಲಿನಲ್ಲಿ ನಿದ್ದೆ ಮಾಡುತ್ತಿತ್ತು, ತಂದೆಯೂ ನಿಶ್ಚಿಂತೆಯಿಂದ ನಿದ್ದೆ ಮಾಡಿದರು. ರಾತ್ರಿ ಒಂದೂವರೆಗೆ ಗೆಳತಿಯ ಸ್ಕೂಟಿ ಜಾರಿ ಇವಳ ಮೊಣಕೈ ಮುರಿಯಿತು. ಕೈಯಲ್ಲಿ ಫೋನಿಲ್ಲ. ನಂಬರುಗಳೆಲ್ಲ ಫೋನಿನೊಳಗೆ, ಒಂದೂ ಬಾಯಿಪಾಠವಿಲ್ಲ. ತಂದೆಗೆ ತಿಳಿದದ್ದು ಮರುದಿನ ಹತ್ತು ಗಂಟೆಗೆ.

ತಂದೆ ನನ್ನ ಬಳಿ ಬಂದು ಕೇಳಿದ್ದು, "ಫೋನು ಬಿಟ್ಟು ಹೋದರೆ ತಿಳಿಸೋ ವಾಚು ಯಾವುದಾದರೂ ಇದೆಯಾ?" ಎಂದು. ಇದೆ. ಆದರೆ ಅದರ ಹೆಸರು ನಾನು ಹೇಳಲಿಲ್ಲ. ತಂದೆ-ಮಗಳನ್ನು ಕೂರಿಸಿ ಒಂದು ಒಪ್ಪಂದ ಮಾಡಿಸಿದೆ. ಸದಾ ಕಾಣುವ ಚುಕ್ಕೆ ರದ್ದು. ರಾತ್ರಿ ಹೊರಗೆ ಹೋದರೆ, ಒಬ್ಬಳೇ ಪ್ರಯಾಣ ಮಾಡಿದರೆ, ಅವಳೇ ವಾಟ್ಸ್‌ಆಪಿನಲ್ಲಿ ಇರುವ ಜಾಗ ಕಳಿಸುವುದು. ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂದು ಅಲ್ಲಿ ಅವಧಿ ಆರಿಸಬಹುದು, ಮುಗಿದ ಮೇಲೆ ತಾನೇ ನಿಲ್ಲುತ್ತದೆ. ತಂದೆ ಗೊಣಗಿದರು. ಆದರೆ ಮರುವರ್ಷ ನವರಾತ್ರಿಯ ಒಂಬತ್ತೂ ರಾತ್ರಿ ಮಗಳಿಂದ ಚುಕ್ಕೆ ಬಂತು, ಅದೂ ನಿಜವಾದ ಚುಕ್ಕೆ.

ಇನ್ನೊಂದು ಸಂಗತಿ ಹಿರಿಯರಿಗೆ. ನಮ್ಮವರೇ ಒಬ್ಬ ತಾಯಿಗೆ ಫೋನ್ ಬಂತು. ಅಚ್ಚ ಕನ್ನಡ. ಮಗನ ಹೆಸರು, ಅವನ ಕಂಪನಿ, ಇವರ ಹುಟ್ಟೂರು, ಎಲ್ಲ ಹೇಳಿ, "ನಿಮ್ಮ ಮಗನ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ" ಎಂದ. ದೂರದೇಶದಲ್ಲಿ ಕನ್ನಡ ಕೇಳಿದರೆ ನಾವು ಕರಗುತ್ತೇವಲ್ಲ, ಅದೇ ಅವನ ಬಂಡವಾಳ. ಆ ತಾಯಿ ಕರಗಿದರು, ಆದರೆ ನಮ್ಮ ಪದ್ಧತಿಯಂತೆ ಕರಗಿದರು: "ಎಷ್ಟು ಚಂದ ಕನ್ನಡ ಮಾತಾಡ್ತೀಯಪ್ಪಾ. ಯಾವೂರು? ಯಾರ ಮನೆಯವನು? ಊಟ ಆಯಿತಾ?" ಮೂರನೆಯ ಪ್ರಶ್ನೆಗೆ ಅವನೇ ಫೋನ್ ಇಟ್ಟ. ಹೀಗೆ ಎಲ್ಲರೂ ಪಾರಾಗುವುದಿಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಆ ವಿವರ ಅವನಿಗೆ ಎಲ್ಲಿ ಸಿಕ್ಕಿತೆಂದು ಪತ್ತೆಯಾಗಲಿಲ್ಲ. ಆದರೆ ಅದಕ್ಕೆ ಹಿಂದಿನ ತಿಂಗಳು ಆ ಮಗನ ಮದುವೆಯ ಬಯೋಡಾಟಾ ವಾಟ್ಸ್‌ಆಪಿನ ಗುಂಪುಗಳಲ್ಲಿ ತಿರುಗಿತ್ತು. ಆ ಮೂರೂ ವಿವರ ಅದರಲ್ಲಿದ್ದವು, ಜೊತೆಗೆ ಸಂಬಳವೂ.

ಇದನ್ನೆಲ್ಲ ಈಗ ಬರೆಯಲು ಕಾರಣ ನಮ್ಮ ವಿಳಾಸ ಪುಸ್ತಿಕೆ. ಮೂರೂ ನಗರಗಳ ನಮ್ಮ ಮನೆಗಳ ಹೆಸರು, ವಿಳಾಸ, ಫೋನು ಇರುವ ಆ ಪುಸ್ತಿಕೆಯ ಉಪಕಾರ ಸಣ್ಣದಲ್ಲ. 2001ರ ಜನವರಿ 26ರ ಭೂಕಂಪದ ದಿನ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದು ಟೆಲಿಫೋನ್ ಸಿಗದಾದಾಗ, ಅದನ್ನೇ ಹಿಡಿದು ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ಬಂದವರಿದ್ದಾರೆ. 2006ರ ಆಗಸ್ಟಿನಲ್ಲಿ ತಾಪಿ ಉಕ್ಕಿ ಸೂರತ್ ಮುಳುಗಿದಾಗ, ಯಾರು ನೆಲಮಹಡಿಯಲ್ಲಿದ್ದಾರೆ, ಯಾರು ಮೇಲಿದ್ದಾರೆ ಎಂದು ವಿಳಾಸ ನೋಡಿಯೇ ಲೆಕ್ಕ ಹಾಕಿದೆವು. ಹಾಗಾಗಿ ಪುಸ್ತಿಕೆಯೇ ಬೇಡ ಎನ್ನುವವರ ಪಕ್ಷ ನನ್ನದಲ್ಲ. ಆದರೆ ಈ ಬಾರಿ ಮಕ್ಕಳ ಹುಟ್ಟಿದ ತಾರೀಕು, ಕಾಲೇಜು, ಕಂಪನಿ, ಫೋಟೊ ಎಲ್ಲ ಸೇರಿಸಿ ಪಿ.ಡಿ.ಎಫ್. ಮಾಡಿ ಗುಂಪಿಗೆ ಹಾಕೋಣ ಎಂಬ ಸಲಹೆ ಕಾರ್ಯಕಾರಿ ಸಮಿತಿಯ ಮುಂದಿದೆ. ಮುದ್ರಿಸಿದ ಪುಸ್ತಿಕೆ ನಮ್ಮ ಮನೆಗಳ ಕಪಾಟಿನಲ್ಲಿರುತ್ತದೆ. ಪಿ.ಡಿ.ಎಫ್. ಎಲ್ಲಿರುತ್ತದೆ ಎಂದು ಅದನ್ನು ಮಾಡಿದವನಿಗೂ ತಿಳಿಯದು.

ನಾನು ಸಮಿತಿಗೆ ಬರೆದುಕೊಟ್ಟದ್ದು ಇಷ್ಟು. ಪುಸ್ತಿಕೆ ಕಾಗದದಲ್ಲೇ ಇರಲಿ. ಹೆಸರು, ಬಡಾವಣೆ, ಒಂದು ಫೋನ್ ನಂಬರ್ ಸಾಕು. ಆಪತ್ಕಾಲಕ್ಕೆ ಬೇಕಾದ ಪೂರ್ಣ ವಿಳಾಸ, ರಕ್ತದ ಗುಂಪು ಇತ್ಯಾದಿ ಬೇರೆ ಪಟ್ಟಿಯಲ್ಲಿ, ಪ್ರತಿ ನಗರದಲ್ಲಿ ಇಬ್ಬರ ಬಳಿ ಮಾತ್ರ. ಹದಿನೆಂಟು ತುಂಬಿದವರ ಸಾಲನ್ನು ಅವರನ್ನೇ ಕೇಳಿ ತುಂಬುವುದು. ಬೇಡವೆಂದರೆ ಖಾಲಿ ಬಿಡುವುದು. ಸಮಿತಿಯಲ್ಲಿ ಮೂವರು ಒಪ್ಪಿದ್ದಾರೆ, ಮೂವರು "ಕಾಕಾಗೆ ವಯಸ್ಸಾಯ್ತು" ಎಂದಿದ್ದಾರೆ, ಅಧ್ಯಕ್ಷರು ಇನ್ನೂ ಬಾಯಿ ಬಿಟ್ಟಿಲ್ಲ.

ಈ ಸಂಚಿಕೆಯ ಜೊತೆಯಲ್ಲಿ ಫಾರಂ ಬಂದಿದೆ. ನಿಮ್ಮ ಸಾಲನ್ನು ಅಪ್ಪ ತುಂಬಿ ಕಳಿಸುವ ಮೊದಲು ನೀವೇ ತುಂಬಿ, ಎಷ್ಟು ಬೇಕೋ ಅಷ್ಟು. ಕನ್ನಡದಲ್ಲೇ ತುಂಬಬೇಕೆಂದೇನೂ ಇಲ್ಲ, ಗುಜರಾತಿ ಆದರೂ ನಡೆದೀತು. ಸೂರತ್‌ನವರು ನನ್ನ ಕೈಗೇ ತಂದುಕೊಡಬಹುದು. ಮಗಳ ಮನೆ ಎಲ್ಲಿದೆ ಎಂಬುದು ಹಳೆಯ ಪುಸ್ತಿಕೆಯಲ್ಲಿ ಇದೆ. ನಾಲ್ಕೂವರೆಯ ನಂತರ ಬಂದರೆ ಚಹಾ ಸಿಗುತ್ತದೆ.